ಕೋಟೆ ತೋರಿಸಿ ರೊಟ್ಟಿ ಕಲಿಸ್ತೀವಿ ಅನ್ನೋರಿಗೆ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ರಾಯಚೂರಿನವರು, ರಾಯಚೂರು ನೋಡಲು ಬರುವವರು, ಅದರಲ್ಲೂ ಮಕ್ಕಳನ್ನು ಕರಕೊಂಡು ಬರುವವರು ದಯವಿಟ್ಟು ಪೂರ್ತಿ ಓದಿ. ದಸರಾ ರಜೆಯಲ್ಲಿ ನನ್ನ ತಂಗಿಯ ಮಗಳು ಒಂದು ರಾತ್ರಿ ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು. ಅವಳಿಗೆ ಒಂಬತ್ತು ವರ್ಷ. ಈಗ ಹುಷಾರಾಗಿದ್ದಾಳೆ, ಮೈಸೂರಿಗೆ ಹೋಗಿ ಎಂದಿನಂತೆ ಶಾಲೆಗೆ ಹೋಗುತ್ತಿದ್ದಾಳೆ. ಬರೆಯಬೇಕೋ ಬೇಡವೋ ಅಂತ ಇಷ್ಟು ದಿನ ಸುಮ್ಮನಿದ್ದೆ. ಅದೇ ಪೋಸ್ಟರ್ ಮತ್ತೆ ಫೋನಿಗೆ ಬಂದಿದ್ದು ನೋಡಿ ಬರೆಯುತ್ತಿದ್ದೇನೆ.

ಪೋಸ್ಟರಿನಲ್ಲಿ ಇದ್ದದ್ದು ಇಷ್ಟು: ಹಳೇ ಊರಿನಲ್ಲಿ ಕಾಲ್ನಡಿಗೆ, ಕೋಟೆಯ ಇತಿಹಾಸ, ಆಮೇಲೆ ಒಂದು ಹಳೇ ಮನೆಯಲ್ಲಿ ಕೂತು ಅಜ್ಜಿಯ ಕೈಯಿಂದ ಜೋಳದ ರೊಟ್ಟಿ, ಎಣಗಾಯಿ, ಪುಂಡಿಪಲ್ಯ ಕಲಿಯೋದು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ. ಎಂಟೇ ಜನಕ್ಕೆ ಅವಕಾಶ, ತಲೆಗೆ 1,500 ರೂಪಾಯಿ. ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹಂಪಿಗೆ ಹೋಗೋರು ನಮ್ಮೂರನ್ನು ರೈಲಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ. ಯಾರೋ ನಮ್ಮ ಹುಡುಗರೇ ಇಂಥದ್ದು ಶುರುಮಾಡಿದ್ದಾರಲ್ಲ ಅಂತ ತಂಗಿ, ಅವಳ ಮಗಳು, ನಾನು, ಮೂವರ ಹೆಸರು ಬರೆಸಿ 4,500 ರೂಪಾಯಿ ಅವತ್ತೇ ಹಾಕಿದೆ.

ಮಗುವಿಗೆ ಶೇಂಗಾ ಆಗಿಬರುವುದಿಲ್ಲ. ಆಗಿಬರಲ್ಲ ಅಂದರೆ ಹೊಟ್ಟೆನೋವು, ಕಜ್ಜಿ ಅಂತಲ್ಲ. ನಾಲ್ಕನೇ ವಯಸ್ಸಿನಲ್ಲಿ ಒಂದು ತುಂಡು ಚಿಕ್ಕಿ ತಿಂದು ಮುಖವೆಲ್ಲ ಊದಿಕೊಂಡಿತ್ತು. ನಮ್ಮ ಕಡೆ ಊಟದಲ್ಲಿ ಶೇಂಗಾ ಇಲ್ಲದ ಜಾಗ ಯಾವುದಿದೆ ಹೇಳಿ. ಚಟ್ನಿಪುಡಿ ಅದರದ್ದೇ. ಎಣಗಾಯಿಯ ಹೊಟ್ಟೆಯೊಳಗೆ ಅದೇ. ಕಾಳುಪಲ್ಯ ತೆಳ್ಳಗಾದರೆ ಒಂದು ಮುಷ್ಟಿ ಹುರಿದ ಪುಡಿ ಹಾಕಿ ಗಟ್ಟಿ ಮಾಡುವುದು ಎಲ್ಲ ಮನೆಯ ರೂಢಿ. ಅವಳು ಬರುತ್ತಾಳೆಂದರೆ ನಮ್ಮವ್ವ ವಾರ ಮೊದಲೇ ಶೇಂಗಾ ಡಬ್ಬಿ ಮೇಲಿನ ಹಲಗೆಗೆ ಏರಿಸಿ, ಮಿಕ್ಸಿ ಜಾರ್ ಬಿಸಿನೀರಲ್ಲಿ ತೊಳೆದು, ಗುರೆಳ್ಳು ಪುಡಿ ಕುಟ್ಟಿಟ್ಟು, ಅಡಿಗೆಗೆ ಕುಸುಬೆ ಎಣ್ಣೆ ತರಿಸುತ್ತಾಳೆ. ಹಾಗಾಗಿ ದುಡ್ಡು ಹಾಕುವ ಮೊದಲೇ ನಾನು ವಾಟ್ಸ್ಆ್ಯಪಿನಲ್ಲಿ ಕೇಳಿದ್ದೆ: 'ಮಗುವಿಗೆ ಶೇಂಗಾ ಅಲರ್ಜಿ ಇದೆ, ಪುಡಿ ಕೂಡ ತಗಲಬಾರದು, ಆಗುತ್ತದಾ?' 'ನೋ ಪ್ರಾಬ್ಲಂ ಮೇಡಂ' ಅಂತ ಎರಡೇ ನಿಮಿಷಕ್ಕೆ ಉತ್ತರ ಬಂತು. ಆ ಮೆಸೇಜು ಈಗಲೂ ನನ್ನ ಫೋನಿನಲ್ಲಿದೆ.

ಬನ್ನಿ ಕೊಟ್ಟು ಬಂದ ಮೂರನೇ ದಿನ ಹೋದೆವು. ಎಂಟು ಜನ ಅಂದಿದ್ದರು, ಇದ್ದದ್ದು ಹದಿನಾಲ್ಕು. ಅಲ್ಲಿಗೂ ಇರಲಿ ಅಂದುಕೊಂಡೆ.

ಕೋಟೆಗೋಡೆಯಲ್ಲಿ ಆ ಉದ್ದನೆಯ ಶಾಸನದ ಕಲ್ಲು ಇದೆಯಲ್ಲ, ನಲವತ್ತೊಂದು ಅಡಿಯದ್ದು, ಅದರ ಮುಂದೆ ನಿಲ್ಲಿಸಿ ಗೈಡ್ ಹುಡುಗ ಹೇಳಿದ: 'ಇದು 1520ರಲ್ಲಿ ಕೃಷ್ಣದೇವರಾಯ ಕೋಟೆ ಗೆದ್ದಾಗ ಕೆತ್ತಿಸಿದ್ದು.' ನಾನು ಈ ಊರಲ್ಲೇ ಹುಟ್ಟಿ ಬೆಳೆದವಳು. ಶಾಲೆಯಿಂದ ನಮ್ಮನ್ನು ಸಾಲಾಗಿ ಕರಕೊಂಡು ಹೋಗಿ ಮೇಷ್ಟ್ರು ತೋರಿಸಿದ ಕಲ್ಲು ಅದು. ಶಾಸನ ತೆಲುಗಿನಲ್ಲಿದೆ, ಕಾಲ 1294. ಗೋರೆ ಗಂಗಯ್ಯ ರೆಡ್ಡಿ ಕಾಕತೀಯರ ಕಾಲದಲ್ಲಿ ಈ ಕೋಟೆ ಕಟ್ಟಿಸಿದ ಅಂತ ಅದು ಹೇಳುತ್ತದೆ. ರಾಯರು ಆದಿಲ್ ಶಾಹಿಯಿಂದ ಕೋಟೆ ಕಿತ್ತುಕೊಳ್ಳುವ ಹೊತ್ತಿಗೆ ಆ ಕಲ್ಲು ಅಲ್ಲಿ ಕೂತು ಇನ್ನೂರು ವರ್ಷದ ಮೇಲಾಗಿತ್ತು. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರವೂ ಅಲ್ಲೇ ಗೋಡೆಯಲ್ಲಿ ಗೀರಿದೆ. ಮಕ್ಕಳಿಗೆ ಮೊದಲು ತೋರಿಸಬೇಕಾದ್ದೇ ಅದು. ಆ ಹುಡುಗ ಅತ್ತ ಕೈ ಕೂಡ ಮಾಡಲಿಲ್ಲ. ನಾನೇ ಮಗುವನ್ನು ಎತ್ತಿ ತೋರಿಸಿದೆ, ಅವಳು ಕೋಣ ಎಣಿಸುತ್ತಾ ನಿಂತಳು.

1520ರ ಕಥೆ ಬೇಕೆಂದರೆ ಅದನ್ನೇ ಹೇಳಬಹುದಿತ್ತು. ಕ್ರಿಸ್ಟೋವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸಿನವನು ಬಂದೂಕಿನವರನ್ನು ಕಟ್ಟಿಕೊಂಡು ರಾಯರ ಕಡೆ ನಿಂತ. ಗೋಡೆಯ ಮೇಲಿನಿಂದ ಬಗ್ಗಿ ನೋಡಿದವರ ಮೇಲೆ ಅವರು ಗುಂಡು ಹೊಡೆಯುತ್ತಿದ್ದರೆ, ಕೆಳಗೆ ರಾಯರ ಆಳುಗಳು ಗೋಡೆಯ ಕಲ್ಲು ಕೀಳುತ್ತಿದ್ದರು. ಕೃಷ್ಣೆ ತುಂಗಭದ್ರೆ ನಡುವಿನ ಈ ಎಡೆದೊರೆ ನಾಡಿಗಾಗಿ ಬಹಮನಿಗಳೂ ವಿಜಯನಗರದವರೂ ಎಷ್ಟು ಸಲ ಹೊಡೆದಾಡಿದರು! ಅದೊಂದೂ ಇಲ್ಲ. ಏಕ್ ಮಿನಾರ್ ಮಸೀದಿ ಹತ್ತಿರ ಹೋದರೆ, 'ಇದು ನಿಜಾಮರು ಕಟ್ಟಿಸಿದ್ದು' ಅಂದ. ಆ ಮಿನಾರು 1513ರದ್ದು, ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದ್ದು. ಹೈದರಾಬಾದಿನಲ್ಲಿ ನಿಜಾಮರ ಆಳ್ವಿಕೆ ಶುರುವಾದದ್ದು 1724ರಲ್ಲಿ. ಗುಂಪಿನಲ್ಲಿದ್ದ ಹಿರಿಯರೊಬ್ಬರು, 'ಎತ್ತರ ಎಷ್ಟು ತಮ್ಮಾ?' ಅಂತ ಕೇಳಿದರು. 'ನೂರಾಹತ್ತು ಅಡಿ' ಅಂದ, ಒಂದು ಕ್ಷಣವೂ ಯೋಚಿಸದೆ. ಅದು ಅರವತ್ತೈದು ಅಡಿ.

ಮೂರು ತಾಸಿನಲ್ಲಿ ಯಾರು ಏನು ಕೇಳಿದರೂ ಅವನ ಬಾಯಲ್ಲಿ 'ಗೊತ್ತಿಲ್ಲ' ಅನ್ನುವ ಮಾತು ಒಂದು ಸಲವೂ ಬರಲಿಲ್ಲ. ನನಗೆ ಅಲ್ಲೇ ಎಚ್ಚರ ಆಗಬೇಕಿತ್ತು. ಕಲ್ಲಿನ ವಿಷಯ ತಾನೆ, ಯಾರಿಗೇನು ನಷ್ಟ ಅಂದುಕೊಂಡೆ. ಅದು ನಾನು ಮಾಡಿದ ತಪ್ಪು. ಆ ಬೆಳಿಗ್ಗೆ ನೆನೆಸಿಕೊಂಡಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಆ ನೂರಾಹತ್ತು ಅಡಿಯೇ.

ಓಣಿಯಲ್ಲಿ ನಡೆದದ್ದನ್ನು ಜಾಸ್ತಿ ಬರೆಯಲ್ಲ. ಮುಂಬಾಗಿಲು ತೆರೆದಿದ್ದ ಮನೆಯ ಕಟ್ಟೆ ಹತ್ತಿಸಿ, 'ಒಳಗಡೆ ಕಂಬ ನೋಡ್ರಿ' ಅಂದುಬಿಟ್ಟ. ಅಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಣ್ಣುಮಗಳು ಸೆರಗು ಎಳಕೊಂಡು ಒಳಗೆ ಹೋದಳು, ಅಷ್ಟರಲ್ಲಿ ನಾಲ್ಕು ಫೋನು ಮೇಲೆದ್ದಿದ್ದವು. ಅವರನ್ನು ಯಾರೂ ಕೇಳಿರಲಿಲ್ಲ. ನಮ್ಮೂರಿನ ಮಂದಿ ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದವರಲ್ಲ. ಕೇಳಿದ್ದರೆ ಕಂಬವೇನು, ಅಡಿಗೆಮನೆಯನ್ನೂ ತೋರಿಸುತ್ತಿದ್ದರು.

ಹತ್ತೂವರೆಗೆ ಅಡಿಗೆ. ಪೋಸ್ಟರಿನ ಅಜ್ಜಿಯ ಹಳೇ ಮನೆ ಅಲ್ಲಿರಲಿಲ್ಲ. ಬಾಡಿಗೆಗೆ ತಗೊಂಡ ಒಂದು ಮಹಡಿ, ಎರಡು ಗ್ಯಾಸ್ ಒಲೆ. ಅಡಿಗೆಗೆ ನಿಂತಿದ್ದವರು ಮದುವೆ ಮುಂಜಿಗೆ ರೊಟ್ಟಿ ಬಡಿಯಲು ಹೋಗುವ ಐವತ್ತು ದಾಟಿದ ಒಬ್ಬ ಅಮ್ಮ. ಎಣಗಾಯಿ, ಪುಂಡಿಪಲ್ಯ, ಹೆಸರುಕಾಳು ಪಲ್ಯ ಎಲ್ಲ ಆಗಲೇ ಮಾಡಿ ಮುಚ್ಚಿಟ್ಟಿದ್ದರು. ಕಲಿಯುವುದಕ್ಕೆ ಉಳಿದಿದ್ದು ರೊಟ್ಟಿ ಮಾತ್ರ.

ಆದರೆ ಆ ಅಮ್ಮನ ಕೈ ನೋಡಬೇಕಿತ್ತು. ಗೈಡ್ ಫೋನ್ ಹಿಡಿದು ಆಚೆ ಹೋದಾಗ ಐದು ನಿಮಿಷ ಸಿಕ್ಕಿತು, ಆ ಬೆಳಗಿನಲ್ಲಿ ನಮಗೆ ಸಿಕ್ಕ ಒಳ್ಳೆಯ ಐದು ನಿಮಿಷ ಅದೊಂದೇ. ಪರಾತದಲ್ಲಿ ಹಿಟ್ಟು ಗುಡ್ಡೆ ಮಾಡಿ, ನಡುವೆ ಕುಣಿ ತೋಡಿ, ಮಳಮಳ ಕುದಿಯುವ ಎಸರು ಅದರೊಳಗೆ ಸುರಿದರು. 'ತಣ್ಣೀರಾಗ ಕಲಸಿದ್ರ ಸೀಳತಾದ್ರಿ, ಜೋಳಕ್ಕ ಗೋದಿ ಹಂಗ ಜಿಗಿ ಇರಂಗಿಲ್ಲ, ಬಿಸಿನೀರೇ ಹಿಡಿಸ್ಬೇಕು' ಅಂದರು. ಅಂಗೈಯ ಬುಡದಿಂದ ಹಿಟ್ಟು ನಾದಿದರು, ನಾದಿದರು, ಅಂಚು ಒಡೆಯದಷ್ಟು ನುಣ್ಣಗಾಗುವ ತನಕ. ಆಮೇಲೆ ಬಡಿಯೋದು. ಒಂದು ಕೈ ತಟ್ಟುತ್ತಿದ್ದರೆ ಇನ್ನೊಂದು ಕೈಯ ಬೆರಳು ರೊಟ್ಟಿಯನ್ನು ಸುತ್ತು ತಿರುಗಿಸುತ್ತಿತ್ತು. ಹಂಚಿಗೆ ಹಾಕಿ ಮೇಲ್ಮೈಗೆ ಒದ್ದೆ ಬಟ್ಟೆ ಸವರಿ, ನೀರಾರಿ ಬಣ್ಣ ಬದಲಾಗುವ ಹೊತ್ತಿಗೆ ಸರಿಯಾಗಿ ಮಗುಚಿದರು. ಮಗು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ರೊಟ್ಟಿ ಉಬ್ಬಿದಾಗ ಚಪ್ಪಾಳೆ ಹೊಡೆದಳು. ಆಗ ನಾನು ಆ ಅಮ್ಮನನ್ನೇ ಕೇಳಿಬಿಡಬೇಕಿತ್ತು. ಕೇಳಲಿಲ್ಲ. ಗೈಡ್ ವಾಪಸ್ ಬಂದು, 'ಟೈಮಾತು, ಎಲ್ಲರೂ ಒಂದೊಂದು ಫೋಟೊ ತಗೊಂಡು ಊಟಕ್ಕ ಕೂಡ್ರಿ' ಅಂದ.

ಬಡಿಸುವಾಗ ಅವನನ್ನೇ ಕೇಳಿದೆ: 'ತಮ್ಮಾ, ಈ ಹೆಸರುಕಾಳು ಪಲ್ಯದಾಗ ಶೇಂಗಾ ಹಾಕಿಲ್ಲ, ಹೌದಿಲ್ಲೋ?'

'ಇಲ್ರಿ ಅಕ್ಕಾರ, ಪಕ್ಕಾ. ನೀವು ಹೇಳಿದ್ರಲ್ಲ, ಅದನ್ನ ಬಿಟ್ಟೇ ಮಾಡಿಸೀವಿ.'

ಅಡಿಗೆಮನೆಯ ಕಡೆ ತಿರುಗಿಯೂ ನೋಡದೆ ಹೇಳಿದ.

ಮಗು ನಾಲ್ಕು ತುತ್ತು ತಿಂದಿರಬೇಕು. ತುಟಿ ಉಜ್ಜಿಕೊಂಡಳು. 'ದೊಡ್ಡಮ್ಮ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ' ಅಂದಳು. ಕುತ್ತಿಗೆ ನೋಡಿದರೆ ಕೆಂಪು ದದ್ದು ಎದ್ದು ಕಿವಿವರೆಗೆ ಹೋಗುತ್ತಿತ್ತು. ವಾಂತಿ ಮಾಡಿಕೊಂಡಳು. ಧ್ವನಿ ಒಡೆಯಿತು, ಉಸಿರು ಎಳೆದಾಗ ಸುಯ್ಯೆನ್ನುವ ಸದ್ದು. ತಂಗಿ ಚೀಲದಿಂದ ಅಲರ್ಜಿ ಸಿರಪ್ ತೆಗೆದು ಕುಡಿಸುತ್ತಿದ್ದಳು, ಅವಳ ಕೈ ನಡುಗಿ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಗೈಡ್ ಹೇಳಿದ ಮಾತು ನಾನು ಮರೆಯಲ್ಲ: 'ಬಿಸಿಲಿಗೆ ಹಂಗಾಗಿರ್ತದ್ರಿ, ಲಿಂಬು ಶರಬತ್ ಕೊಡ್ರಿ.' ಆಗಲೂ ಗೊತ್ತಿಲ್ಲ ಅನ್ನಲಿಲ್ಲ.

ಒಲೆ ಬಿಟ್ಟು ಓಡಿ ಬಂದವರು ಆ ಅಮ್ಮ. ಹಿಟ್ಟಿನ ಕೈಯಲ್ಲೇ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದು, ರಸ್ತೆಗೆ ಅಡ್ಡ ನಿಂತು ಆಟೋ ನಿಲ್ಲಿಸಿದರು. ಆಟೋದಲ್ಲೇ ಹೇಳಿದರು: 'ಕಾಳುಪಲ್ಯಕ್ಕ ಪುಡಿ ಹಾಕೀನ್ರಿ ಯಕ್ಕಾ. ನಂಗ ಯಾರೂ ಹೇಳಿಲ್ರಿ. ಹದಿನಾಕು ಮಂದಿಗೆ ಅಡಿಗಿ ಮಾಡು ಅಂದ್ರು, ಮಾಡೀನಿ. ಹೇಳಿದ್ರ ಶೇಂಗಾ ಒಲಿ ಹತ್ರ ತರತಿದ್ದಿಲ್ರಿ.' ಆಸ್ಪತ್ರೆ ಮುಟ್ಟುವ ತನಕ ಅದನ್ನೇ ಹೇಳುತ್ತಾ ಅಳುತ್ತಿದ್ದರು.

ಡಾಕ್ಟರು ನೋಡಿದ ತಕ್ಷಣ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಕೆಲವೇ ನಿಮಿಷದಲ್ಲಿ ಉಸಿರು ಸಡಿಲವಾಯಿತು. ಆಮೇಲೆ ಅವರು ಹೇಳಿದ್ದು ಎಲ್ಲ ತಂದೆತಾಯಿಗಳಿಗೂ ಗೊತ್ತಿರಬೇಕಾದ ವಿಷಯ. ಸಿರಪ್, ಸೆಟ್ರಿಜಿನ್ ಮಾತ್ರೆಗಳು ತುರಿಕೆ ದದ್ದಿಗೆ ಸರಿ, ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ಅವು ತೆರೆಯಲಾರವು. ದದ್ದಿನ ಜೊತೆ ವಾಂತಿ, ಧ್ವನಿ ಒಡೆಯುವುದು, ಏದುಸಿರು, ತಲೆಸುತ್ತು ಇವುಗಳಲ್ಲಿ ಯಾವುದು ಸೇರಿದರೂ ಅಡ್ರಿನಲಿನ್ ಒಂದೇ ಮದ್ದು, ಅದೂ ತಡವಿಲ್ಲದೆ. ಮಗುವನ್ನು ನಡೆಸಬಾರದು, ನಿಲ್ಲಿಸಬಾರದು. ಸರಿಹೋಯಿತು ಅನ್ನಿಸಿದ ಮೇಲೂ ಕೆಲವು ತಾಸು ಬಿಟ್ಟು ಮತ್ತೆ ಮರುಕಳಿಸಬಹುದು. ಅದಕ್ಕೇ ರಾತ್ರಿಯೆಲ್ಲ ಇರಿಸಿಕೊಂಡರು. ತಂಗಿ ಮಂಚದ ಪಕ್ಕ ನಿಂತೇ ಬೆಳಗು ಮಾಡಿದಳು.

ನಡೆಸುವವರಿಗೆ ಫೋನ್ ಮಾಡಿದರೆ, 'ಅಲರ್ಜಿ ಇದ್ದವರು ತಮ್ಮ ಜವಾಬ್ದಾರಿ ಮೇಲೆ ತಿನ್ನಬೇಕು, ಷರತ್ತಿನಲ್ಲಿದೆ' ಅಂದರು. ದುಡ್ಡು ಹಾಕಿದ ಮೇಲೆ ಬಂದ ರಸೀದಿಯ ಕೊನೆಗೆ, ಸಣ್ಣ ಅಕ್ಷರದಲ್ಲಿ, ಹೌದು, ಇತ್ತು. ಮಗುವಿನ 1,500 ವಾಪಸ್ ಮಾಡುತ್ತೇವೆ, ಎಲ್ಲೂ ಬರೆಯಬೇಡಿ ಅಂದರು. ತಗೊಳ್ಳಲಿಲ್ಲ. ಆಹಾರ ಮಾರುವವರಿಗೆ ಇರಬೇಕಾದ ಎಫ್ಎಸ್ಎಸ್ಎಐ ನೋಂದಣಿ ಸಂಖ್ಯೆ ಕೊಡಿ ಎಂದು ಕೇಳಿದೆ, ಇವತ್ತಿಗೂ ಕಳಿಸಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆದಿದ್ದೇವೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಕಟ್ಟಬೇಕಿಲ್ಲ, ಎರಡು ವರ್ಷದೊಳಗೆ ದೂರು ಕೊಟ್ಟರೆ ಸಾಕು. ಏನು ಮಾಡಬೇಕೆಂದು ತಿಳಿಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ನನ್ನ ಕೈಯಲ್ಲಿದ್ದ ದೊಡ್ಡ ಆಧಾರ ಆ 'ನೋ ಪ್ರಾಬ್ಲಂ' ಮೆಸೇಜು. ಇಂಥದ್ದನ್ನೆಲ್ಲ ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕೇಳಿ.

ಇಂಥ ನಡಿಗೆಗಳೇ ಬೇಡ ಅನ್ನುವವಳಲ್ಲ ನಾನು. ನಮ್ಮೂರಿಗೆ ಅವು ಬೇಕು. ಆದರೆ ದುಡ್ಡು ಹಾಕುವ ಮೊದಲು, ಒಲೆ ಮುಂದೆ ನಿಲ್ಲುವವರ ಜೊತೆ ಒಂದು ಸಲ ಫೋನಿನಲ್ಲಿ ಮಾತಾಡಿಸಿ ಅಂತ ಕೇಳಿ. ಮಾತಾಡಿಸಲ್ಲ ಅಂದರೆ ಅಲ್ಲಿಗೇ ಬಿಡಿ. ಊಟಕ್ಕೆ ಕೂತ ಮೇಲೆಯೂ ಬಡಿಸುವವರನ್ನು ಬಿಟ್ಟು ಮಾಡಿದವರನ್ನೇ ಕೇಳಿ, ಎದ್ದು ಒಳಗೆ ಹೋಗಿ ಕೇಳಿ. ಸಂಕೋಚಪಡಬೇಡಿ. ಆ ದಿನ ನಾನು ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಗೈಡ್ ಆದವರನ್ನು ನಿಮಗೆ ಮೊದಲೇ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಕೇಳಿ ನೋಡಿ. ರಾಯಚೂರಾದರೆ ಆ ಕಲ್ಲಿನ ವರ್ಷ ಕೇಳಿ.

ಆ ಅಮ್ಮ ಮರುವಾರ ನಮ್ಮ ಮನೆಗೆ ಬಂದಿದ್ದರು. ನಮ್ಮವ್ವನ ಜೊತೆ ಅಡಿಗೆಮನೆಯಲ್ಲಿ ಕೂತು ಚಹಾ ಕುಡಿದರು. ಹದಿನಾಲ್ಕು ಜನರಿಂದ 21,000 ರೂಪಾಯಿ ಎಣಿಸಿಕೊಂಡವರು ಅವರಿಗೆ ಕೊಟ್ಟಿದ್ದು 500, ಅದರಲ್ಲೂ ಆವತ್ತು ಅರ್ಧಕ್ಕೆ ಎದ್ದು ಹೋದೆ ಅಂತ 200 ಹಿಡಿದರಂತೆ. ಈಗ ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಮೊನ್ನೆ ಬಂದ ಪೋಸ್ಟರಿನಲ್ಲಿ 'ಸಂಕ್ರಾಂತಿ ವಿಶೇಷ, ಸಜ್ಜೆ ರೊಟ್ಟಿ' ಅಂತ ಬರೆದಿದೆ. ಫೋಟೊ ಮಾತ್ರ ಹಳೆಯದೇ. ಪರಾತದ ಮೇಲೆ ರೊಟ್ಟಿ ಬಡಿಯುತ್ತಿರುವ ಆ ಎರಡು ಕೈ ಅವರವೇ, ಹಸಿರು ಬಳೆ ನೋಡಿ ಗುರುತು ಹಿಡಿದೆ.