ಕಿಲ್ಟಿನೊಡನೆ ಶಿಲುಬೆ: ಪಿನ್ನೋ, ಟೋಪಿಯ ಬಿಲ್ಲೆಯೋ?

ಸ್ಕಾಟ್ಲೆಂಡಿನ ಹೈಲ್ಯಾಂಡ್ ಉಡುಪಿನೊಂದಿಗೆ ಶಿಲುಬೆಯ ಗುರುತನ್ನು ಧರಿಸಬಯಸುವವರು ಕಿಲ್ಟಿಗೆ (ಸೊಂಟಕ್ಕೆ ಸುತ್ತುವ ನೆರಿಗೆಯ ಲಂಗಕ್ಕೆ) ಚುಚ್ಚುವ, ವೃತ್ತಸಹಿತ ಕೆಲ್ಟಿಕ್ ಶಿಲುಬೆಯ ಪಿನ್ನನ್ನೋ, ಉಣ್ಣೆಯ ಟೋಪಿಗೆ ಸಿಕ್ಕಿಸುವ, ಆ ನಾಡಿನ ಪಾಲಕ ಸಂತ ಆಂಡ್ರ್ಯೂನ X ಆಕಾರದ ಓರೆ ಶಿಲುಬೆಯ ಬಿಲ್ಲೆಯನ್ನೋ ಆರಿಸಿಕೊಳ್ಳಬಹುದು.

ಇವೆರಡರ ಅರ್ಥ ಒಂದೇ ಅಲ್ಲ. ಕ್ರೈಸ್ತ ಸನ್ಯಾಸಿ ಸಂತ ಕೊಲಂಬಾ 563ರಲ್ಲಿ ಬಂದಿಳಿದ ಸ್ಕಾಟ್ಲೆಂಡಿನ ಅಯೋನಾ ದ್ವೀಪದಲ್ಲಿ, ಸಂತ ಮಾರ್ಟಿನನ ಹೆಸರಿನ 8ನೆಯ ಶತಮಾನದ ಕಲ್ಲಿನ ಶಿಲುಬೆ ಇಂದಿಗೂ ನಿಂತಿದೆ. ಆ ಪರಂಪರೆಯ ವೃತ್ತಸಹಿತ ಶಿಲುಬೆಯನ್ನು ಕಂಡವರು ಅದನ್ನು ಕ್ರೈಸ್ತ ನಂಬಿಕೆಯ ಗುರುತೆಂದೇ ಓದುತ್ತಾರೆ. ಓರೆ ಶಿಲುಬೆಯಾದರೋ ಸ್ಕಾಟ್ಲೆಂಡಿನ ರಾಷ್ಟ್ರಧ್ವಜದಲ್ಲೂ ಇರುವುದರಿಂದ, ನವೆಂಬರ್ 30ರ ಸಂತ ಆಂಡ್ರ್ಯೂ ದಿನದಂದು ನಂಬಿಕೆಯಿಲ್ಲದವರೂ ಅದನ್ನು ಸಂಕೋಚವಿಲ್ಲದೆ ಧರಿಸುತ್ತಾರೆ.

ಚರ್ಚಿನ ಮದುವೆಗೆ ಹೋಗುವವರಿಗೆ ನಾನು ಪಿನ್ನನ್ನೇ ಸೂಚಿಸುತ್ತೇನೆ, ಏಕೆಂದರೆ ಗಂಡಸರು ಚರ್ಚಿನೊಳಗೆ ಟೋಪಿ ತೆಗೆಯುವುದು ವಾಡಿಕೆಯಾಗಿದ್ದು, ಬೇಕಾದ ಹೊತ್ತಿನಲ್ಲೇ ಬಿಲ್ಲೆ ಮರೆಯಾಗುತ್ತದೆ. ಆದರೆ ಪಿನ್ನನ್ನು ಬಲಗಡೆಯ ಕೆಳಮೂಲೆಯಲ್ಲಿ ಮೇಲಿನ ಮಡಿಕೆಗೆ ಮಾತ್ರ ಚುಚ್ಚಬೇಕು. ಒಳಮಡಿಕೆಯನ್ನೂ ಸೇರಿಸಿ ಚುಚ್ಚಿದರೆ ನಡೆಯುವಾಗ ಬಟ್ಟೆ ಜಗ್ಗುತ್ತದೆ, ಕೂತೆದ್ದಾಗ ಹರಿಯಲೂಬಹುದು. ಬೆಲೆಬಾಳುವ ಉಣ್ಣೆಯ ಚೌಕುಳಿ ಬಟ್ಟೆಯಾದ ಟಾರ್ಟನ್‌ಗೆ ಹಾಗಾದರೆ ಮನಸ್ಸಿಗೆ ನಿಜಕ್ಕೂ ನೋವಾಗುತ್ತದೆ.

ಟೋಪಿಯ ಎಡಬದಿ ಸ್ಕಾಟಿಷ್ ಕುಲದ (ಕ್ಲ್ಯಾನ್) ಲಾಂಛನದ ಜಾಗ. ಅದಾಗಲೇ ಅಲ್ಲಿದ್ದರೆ ಇನ್ನೊಂದು ಬಿಲ್ಲೆ ಬೇಡ. ಯಾವ ಕುಲಕ್ಕೂ ಸೇರದವರಿಗೆ ಓರೆ ಶಿಲುಬೆ ಚೆನ್ನಾಗಿ ಒಪ್ಪುತ್ತದೆ.