ಸೀಟಿನ ಫೋಮ್ ಕೊಯ್ಸಿ ಮೂರು ವರ್ಷ: ಎತ್ತರದವರಿಗೆ ನನ್ನ ಅನುಭವ

ನನ್ನ ಕಾರಿನ ರೂಫ್ ಬಟ್ಟೆಯಲ್ಲಿ, ಡ್ರೈವರ್ ತಲೆಯ ಸರಿ ಮೇಲೆ, ಅಂಗೈಯಗಲದ ಒಂದು ಕಲೆ ಇದೆ. ತೆಂಗಿನೆಣ್ಣೆ ಕಲೆ. ಕಾರು ತಗೊಂಡ ಮೊದಲ ಎರಡು ವರ್ಷ ನನ್ನ ತಲೆ ಅಲ್ಲೇ ಉಜ್ಜುತ್ತಿತ್ತು. ಶಾಂಪೂ ಹಾಕಿ ತಿಕ್ಕಿದೆ, ಹೋಗಲಿಲ್ಲ. ಆದರೆ ಮೂರು ವರ್ಷದಿಂದ ಅದು ದೊಡ್ಡದೂ ಆಗಿಲ್ಲ.

ನಾನು 6 ಅಡಿ 3 ಇಂಚು. ಅದರಲ್ಲೂ ಕಾಲಿಗಿಂತ ಬೆನ್ನು ಉದ್ದ. ಕಾರು 2016ರ ಸಣ್ಣ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್, ಕೆಳಗಿನ ವೇರಿಯಂಟ್. ಸೀಟು ಮೇಲೆ ಕೆಳಗೆ ಮಾಡುವ ಲಿವರ್ ಇಲ್ಲ. ತಗೊಳ್ಳುವಾಗ ಐದು ನಿಮಿಷ ಓಡಿಸಿ ನೋಡಿ ಸರಿ ಅಂದಿದ್ದೆ. ಅದು ಟಾರ್ ರೋಡು. ನಮ್ಮ ಮನೆ ಇರುವುದು ಕೊಡಗಿನ ಸುಂಟಿಕೊಪ್ಪದಿಂದ ಒಳಗೆ, ಕೊನೆಯ ಎರಡು ಕಿಲೋಮೀಟರ್ ತೋಟದ ಕಲ್ಲು ರಸ್ತೆ. ಒಂದೊಂದು ಗುಂಡಿಗೂ ನೆತ್ತಿಗೆ ಒಂದೊಂದು ಟಕ್.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಸೀಟಿನ ಬೆನ್ನು ಹಿಂದಕ್ಕೆ ವಾಲಿಸಿದೆ. ತಲೆಗೆ ಜಾಗ ಸಿಕ್ಕಿತು, ಸ್ಟೀರಿಂಗ್ ದೂರ ಹೋಯಿತು. ಮಗಳು ಮಂಗಳೂರಿನಲ್ಲಿ ಓದುತ್ತಾಳೆ, ತಿಂಗಳಿಗೆ ಎರಡು ಸಲವಾದರೂ ಸಂಪಾಜೆ ಘಾಟಿ ಇಳಿಯಬೇಕು. ಕೈ ಚಾಚಿಕೊಂಡು ಅಷ್ಟು ತಿರುವು ತಿರುಗಿಸುವುದು ಭುಜಕ್ಕೆ ಸಾಕಾಗುತ್ತದೆ. ಇನ್ನೊಂದು ತೊಂದರೆ ಎತ್ತರದವರಿಗೆ ಮಾತ್ರ ಗೊತ್ತು. ಒಳಗಿನ ಕನ್ನಡಿ ಸರಿಯಾಗಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಘಾಟಿ ಇಳಿಯುವಾಗ ಎಡ ತಿರುವಿನಲ್ಲಿ ಎದುರು ಬರುವ ಬಸ್ಸು ಆ ಕನ್ನಡಿಯ ಹಿಂದೆ ಅಡಗಿರುತ್ತದೆ. ತಲೆ ತಗ್ಗಿಸಿ, ಇಣುಕಿ, ಮತ್ತೆ ಎತ್ತಿ. ಸುಳ್ಯ ಮುಟ್ಟುವಷ್ಟರಲ್ಲಿ ಕುತ್ತಿಗೆ ಮರದ ಕೊರಡು.

ವೆಲ್ಡಿಂಗ್ ಮಾಡುವ ಒಬ್ಬರು, 'ಸೀಟಿನ ಕಾಲು ಕಟ್ ಮಾಡಿ ಎರಡಿಂಚು ಇಳಿಸಿ ಕೊಡ್ತೀನಿ' ಅಂದರು. ಆಸೆಯಾಯಿತು, ಸುಳ್ಳು ಹೇಳಲ್ಲ. ಆದರೆ ಬೆಲ್ಟಿನ ಬಕಲ್ ಸಿಕ್ಕಿಸಿರುವುದೇ ಆ ಸೀಟಿನ ಫ್ರೇಮಿಗೆ. ಗುದ್ದಿದಾಗ ನನ್ನ ಭಾರವೆಲ್ಲ ಬಂದು ಬೀಳುವುದು ಆ ಕಾಲು, ಆ ಬೋಲ್ಟುಗಳ ಮೇಲೆ. ಅಲ್ಲಿ ಕೊಯ್ದು ಮತ್ತೆ ಬೆಸುಗೆ ಹಾಕಿದ್ದನ್ನು ನಂಬಿ ಕೂರಲು ನನಗೆ ಧೈರ್ಯ ಬರಲಿಲ್ಲ. ಕಬ್ಬಿಣಕ್ಕೆ ಕೈ ಹಾಕುವುದು ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಉಳಿದದ್ದು ಫೋಮ್. ಕುಶಾಲನಗರದಲ್ಲಿ ಕುಷನ್ ಕೆಲಸ ಮಾಡುವ ಒಬ್ಬ ಭಾಯ್ ಇದ್ದಾರೆ. ಹೆಚ್ಚಾಗಿ ಜೀಪು, ಪಿಕಪ್ ಸೀಟುಗಳೇ ಅವರಿಗೆ ಬರುವುದು. ನನ್ನನ್ನು ಕೂರಿಸಿ, ಪಕ್ಕದಿಂದ ನೋಡಿ, ತೊಡೆಯ ಕೆಳಗೆ ಕೈ ತೂರಿಸಿದರು. 'ಸಾರ್, ಮುಂದೆ ಮುಟ್ಟಲ್ಲ. ಹಿಂದೆ ಮಾತ್ರ ತೆಗೀತೀನಿ. ಮುಂದೆ ತೆಗೆದ್ರೆ ಜಾರ್ತೀರಿ' ಅಂದರು. ಅವರು ಹೇಳಿದ ಜಾರುವಿಕೆ ಬರೀ ಆರಾಮದ ಮಾತಲ್ಲ. ಸೀಟಿನ ಮುಂಭಾಗ ಸ್ವಲ್ಪ ಎತ್ತರ ಇರುವುದೇ ಜೋರಾಗಿ ಬ್ರೇಕ್ ಬಿದ್ದಾಗ ಸೊಂಟ ಬೆಲ್ಟಿನ ಅಡಿಯಿಂದ ಮುಂದಕ್ಕೆ ನುಸುಳದಿರಲಿ ಅಂತ.

ಬ್ಯಾಟರಿಯ ನೆಗೆಟಿವ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಸೀಟಿನ ಅಡಿಯ ವೈರ್ ಬಿಚ್ಚಿದೆವು. ಹದಿನಾಲ್ಕರ ಸ್ಪ್ಯಾನರಿಗೆ ನಾಲ್ಕು ಬೋಲ್ಟು, ಸೀಟು ಹೊರಗೆ. ಕವರ್ ಹಿಡಿದಿರುವುದು ಸಣ್ಣ ತಂತಿ ರಿಂಗುಗಳು. ಭಾಯ್ ಅದನ್ನು ಕಟಿಂಗ್ ಪ್ಲೇಯರಿನಲ್ಲಿ ಕಡಲೆಕಾಯಿ ಸುಲಿದ ಹಾಗೆ ಸುಲಿದರು. ಆಮೇಲೆ ಫೋಮನ್ನು ಬೋರಲು ಹಾಕಿದರು. ಮೇಲಿನಿಂದ ಕೊಯ್ದರೆ ಸೀಟಿನ ಆಕಾರ ಕೆಡುತ್ತದೆ, ಕವರ್ ಸುಕ್ಕಾಗುತ್ತದೆ. ಅಡಿಯಿಂದ ಕೊಯ್ದರೆ ಹೊರಗೆ ಗೊತ್ತೇ ಆಗಲ್ಲ. ಮಾರ್ಕರಿನಲ್ಲಿ ಗೆರೆ ಎಳೆದರು: ಬೆನ್ನಿನ ಕಡೆ 35 ಮಿಲಿಮೀಟರ್, ಮುಂದಕ್ಕೆ ಬರುತ್ತಾ ಸೊನ್ನೆ. ಉದ್ದದ ಬ್ಲೇಡನ್ನು ಸೋಪಿನ ನೀರಲ್ಲಿ ಅದ್ದಿ ಅದ್ದಿ ಕೊಯ್ದರು. ಕೆಳಗೆ ಬಿದ್ದ ತುಂಡು ಥೇಟ್ ಹಲಸಿನ ತೊಳೆ.

35 ಮಿಲಿಮೀಟರ್ ತೆಗೆದರೆ 35 ಸಿಗುತ್ತದೆ ಅಂದ್ಕೋಬೇಡಿ. ಮೊದಲೇ ಫೋಮ್ ನಾವು ಕೂತಾಗ ಒಂದಷ್ಟು ಅಮುಕಿಕೊಂಡಿರುತ್ತದೆ. ನನಗೆ ಸಿಕ್ಕಿದ್ದು ಎರಡು ಬೆರಳಿಗಿಂತ ಚೂರು ಕಡಿಮೆ. ಜತೆಗೆ ಮೊದಲ ವಾರವೇ ಅಡಿಯ ಸ್ಪ್ರಿಂಗ್ ಚುಚ್ಚಲು ಶುರುವಾಯಿತು. ಮತ್ತೆ ಹೋಗಿ, ಅಡಿಗೆ 10 ಮಿಲಿಮೀಟರಿನ ಗಟ್ಟಿ ರೀಬಾಂಡೆಡ್ ಫೋಮ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ್ದು) ಹಾಕಿಸಿದೆ. ಅದು ಅಷ್ಟಾಗಿ ಅಮುಕುವುದಿಲ್ಲ, ಚುಚ್ಚುವುದು ನಿಂತಿತು. ಜಾಗ ಸ್ವಲ್ಪ ಹೋಯಿತು, ಒಂದೂವರೆ ಬೆರಳು ಉಳಿಯಿತು. ಎರಡು ಸಲದ್ದೂ ಸೇರಿ ಖರ್ಚು 1,800 ರೂಪಾಯಿ.

ಒಂದೂವರೆ ಬೆರಳಿಗೆ ಇಷ್ಟೆಲ್ಲ ಬೇಕಿತ್ತಾ? ನನ್ನ ಹೆಂಡತಿಯೂ ಇದನ್ನೇ ಕೇಳಿದಳು. ತೋಟದ ದಾರಿಯಲ್ಲಿ ಟಕ್ ನಿಂತಿದೆ. ಕನ್ನಡಿ ಕಣ್ಣಿನಿಂದ ಮೇಲಕ್ಕೆ ಹೋಗಿ, ತಿರುವು ಪೂರ್ತಿ ಕಾಣುತ್ತದೆ. ಹಿಂದೆ ತಗ್ಗು, ಮುಂದೆ ಎತ್ತರ ಆದ್ದರಿಂದ ತೊಡೆಗೆ ಆಸರೆ ಜಾಸ್ತಿ ಆಯಿತು, ಇದು ನಾನು ನಿರೀಕ್ಷಿಸಿಯೇ ಇರಲಿಲ್ಲ. ಹೆಡ್‌ರೆಸ್ಟ್ ಮೊದಲು ಕುತ್ತಿಗೆಗೆ ತಾಗುತ್ತಿತ್ತು, ಈಗ ತಲೆಯ ಹಿಂಭಾಗಕ್ಕೆ ಬರುತ್ತದೆ. ಅದು ಇರಬೇಕಾದ್ದು ಅಲ್ಲೇ ಅಲ್ವಾ. ಇಲ್ಲಿಯವರೆಗೆ 41,000 ಕಿಲೋಮೀಟರ್ ಆಗಿದೆ.

ಈಗ ಕೆಟ್ಟದ್ದು. ಮೊದಲನೇ ಮಳೆಗಾಲದಲ್ಲೇ ಸೀಟಿಗೆ ಬೂಷ್ಟು ಹಿಡಿಯಿತು. ಕೊಯ್ದ ಕಡೆ ಫೋಮಿನ ಗಟ್ಟಿ ಸಿಪ್ಪೆ ಹೋಗಿರುತ್ತದೆ, ಸ್ಪಂಜಿನ ಹಾಗೆ ತೇವ ಎಳೆಯುತ್ತದೆ. ನಮ್ಮ ಜುಲೈ ಗೊತ್ತಲ್ಲ, ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗಲ್ಲ. ಕಾರಿನ ಬಾಗಿಲು ತೆಗೆದರೆ ಹಳೇ ಕಂಬಳಿ ವಾಸನೆ. ಮಳೆ ಬಿಟ್ಟ ಮೇಲೆ ಸೀಟು ಬಿಚ್ಚಿ, ಕಾಫಿ ಒಣಗಿಸುವ ಕಣದಲ್ಲಿ ಎರಡು ದಿನ ಬಿಸಿಲಿಗಿಟ್ಟೆ. ಕೊಯ್ದ ಮುಖಕ್ಕೆ ತೆಳು ರೆಕ್ಸಿನ್ ಅಂಟಿಸಿದ ಮೇಲೆ ಆ ಕಾಟ ಬಹುಪಾಲು ಇಲ್ಲ. ನೀವು ಮಾಡಿಸುವುದಾದರೆ ಮೊದಲ ದಿನವೇ ಹಾಕಿಸಿ.

ಇನ್ನೊಂದು, ಹೆಂಡತಿ 5 ಅಡಿ 1 ಇಂಚು. ಅವಳಿಗೆ ಸರಿಯಿದ್ದ ಸೀಟನ್ನು ನಾನು ಹಾಳು ಮಾಡಿದೆ. ಈಗ ಬಾನೆಟ್ಟೇ ಕಾಣಲ್ಲ ಅಂತಾಳೆ. ಬರೀ ದಿಂಬು ಹಾಕಿಕೊಂಡರೆ ಬ್ರೇಕ್ ಹೊಡೆದಾಗ ಅದೇ ಜಾರುತ್ತದೆ. ಭಾಯ್ ಒಂದು ಗಟ್ಟಿ ಕುಷನ್ ಹೊಲಿದು, ಪಟ್ಟಿ ಹಾಕಿ ಸೀಟಿಗೆ ಬಿಗಿಯುವ ಹಾಗೆ ಮಾಡಿಕೊಟ್ಟರು. ಇಬ್ಬರೂ ಓಡಿಸುವ ದಿನ ಅದನ್ನು ಬಿಗಿಯುವುದು ಯಾರು ಅನ್ನುವುದಕ್ಕೆ ಸಣ್ಣ ಜಗಳ ಇದ್ದೇ ಇದೆ.

ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಬಿಲ್ಲೆ ಹೊಲಿದಿದ್ದರೆ, ಅಥವಾ ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ, ಕುಷನ್ ಅಂಗಡಿಗೆ ಹೋಗಲೇಬೇಡಿ. ನನ್ನದರಲ್ಲಿ ಅದು ಇರಲಿಲ್ಲ, ಹಾಗಾಗಿ ಮಾಡಿಸಿದೆ. ಬೋಲ್ಟುಗಳನ್ನು ವಾಪಸ್ ಬಿಗಿಸಿದ್ದು ಮಾತ್ರ ನಮ್ಮ ಮೆಕ್ಯಾನಿಕ್ ಹತ್ತಿರ, ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ರೆಂಚ್ ಹಾಕಿಸಿ.

ಮೂರು ವರ್ಷಕ್ಕೆ ಫೋಮ್ ಬಲಗಡೆ ಕುಸಿದಿದೆ, ನಾನು ಹತ್ತಿ ಇಳಿಯುವ ಕಡೆ ಅಲ್ವಾ. ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ಹೊಸ ಫೋಮ್ ಹಾಕಿಸಬೇಕು. ಭಾಯ್ ಹತ್ತಿರ ಹಳೇ ಅಳತೆ ಚೀಟಿ ಇದೆಯಂತೆ. 40 ತೆಗೆಯೋಣವಾ ಅಂತ ಕೇಳಿದೆ. 'ಬೇಡ ಸಾರ್, ಅದರ ಬದಲು ಕಟಿಂಗ್ ಮಾಡಿಸ್ಕೊಳ್ಳಿ' ಅಂತ ನನ್ನ ತಲೆಕೂದಲು ತೋರಿಸಿ ನಕ್ಕರು.