ಶಿರಸಿಯಲ್ಲಿ ಹಳೇ ನೆಗೆಟಿವ್ ಪ್ರಿಂಟ್ ಹಾಕಿಸಿದೆ, ಫಿಲ್ಮ್ ಕೊಟ್ಟ ಹಾಗೇ ವಾಪಸ್ ಬಂತು

ನಮ್ಮನೆ ಅಟ್ಟದ ಮೇಲೆ ಒಂದು ಬಿಸ್ಕೀಟ್ ಡಬ್ಬಿಯಲ್ಲಿ ಅಪ್ಪ ತೆಗೆದ ಕಪ್ಪು-ಬಿಳುಪು ನೆಗೆಟಿವ್‌ಗಳಿದ್ದವು. 80ರ ದಶಕದ ಮಾರಿಕಾಂಬಾ ಜಾತ್ರೆ, ಹೋಳಿ ಹೊತ್ತಿಗೆ ಹಾಕುವ ಬೇಡರ ವೇಷ, ಅಜ್ಜಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದು. ಕೆಲವು ರೋಲು ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮು.

ಹೋದ ವರ್ಷ ಅದರಲ್ಲಿ ಎರಡು ಸ್ಟ್ರಿಪ್ (ರೋಲಿನಿಂದ ಕತ್ತರಿಸಿದ ಫಿಲ್ಮ್ ಪಟ್ಟಿ) ಬೇರೆ ಊರಿನ ಒಂದು ಅಂಗಡಿಗೆ ಕೊಟ್ಟಿದ್ದೆ. ಪ್ರಿಂಟ್ ಬಂದಾಗ ಅಜ್ಜಿ ಮುಖದ ಮೇಲೆ ಉದ್ದಕ್ಕೆ ಎರಡು ಕಪ್ಪು ಗೆರೆ. ಅಪ್ಪ ಆಗಲೇ ಮಾಡಿಸಿಟ್ಟ ಚಿಕ್ಕ ಪ್ರಿಂಟಿನಲ್ಲಿ ಆ ಗೆರೆ ಇಲ್ಲವೇ ಇಲ್ಲ. ಕೇಳಿದರೆ ‘ಹಳೇ ಫಿಲ್ಮ್ ಅಲ್ವಾ ಮೇಡಂ’ ಅಂದರು. ನೆಗೆಟಿವ್‌ಗಳನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ವಾಪಸ್ ಕೊಟ್ಟಿದ್ದರು. ಆವತ್ತು ಮನೆಗೆ ಬಂದು ಅತ್ತಿದ್ದೇನೆ.

ಅದಕ್ಕೇ ಈಗ ಈ ರಿವ್ಯೂ ಬರೆಯುತ್ತಿದ್ದೇನೆ. ಶಿರಸಿಯಲ್ಲಿ ಬಿಡ್ಕಿ ಬೈಲಿನ ಕಡೆ ಒಬ್ಬರು ಹಿರಿಯರು ಮನೆಯ ಹಿಂದಿನ ಕೋಣೆಯಲ್ಲಿ ಡಾರ್ಕ್‌ರೂಮ್ ಇಟ್ಟುಕೊಂಡಿದ್ದಾರೆ. ಬೋರ್ಡಿಲ್ಲ. ಹೆಸರು, ನಂಬರ್ ಎಲ್ಲೂ ಹಾಕಬೇಡ ತಂಗಿ, ನನ್ನ ಕೈಯಲ್ಲಿ ಆಗೋದು ವಾರಕ್ಕೆ ನಾಲ್ಕು ಪ್ರಿಂಟು ಅಂದರು, ಅದಕ್ಕೆ ಹಾಕಿಲ್ಲ. ಪೇಟೆಯ ಹಳೇ ಫೋಟೋ ಸ್ಟುಡಿಯೋದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಮೊದಲ ಸಲ ನಾನು ಹೋಗಿದ್ದು ಜುಲೈನಲ್ಲಿ. ಕುಮಟಾದಿಂದ ದೇವಿಮನೆ ಘಾಟಿ ಹತ್ತಿ, ಮಳೆಯಲ್ಲಿ. ಅವರು ಡಬ್ಬಿ ಮುಚ್ಚಳವನ್ನೂ ತೆಗೆಯದೆ ವಾಪಸ್ ಕಳಿಸಿದರು. ಮಳೆಗಾಲದಲ್ಲಿ ಹಳೇ ನೆಗೆಟಿವ್ ಮುಟ್ಟೋದಿಲ್ಲವಂತೆ. ಫಿಲ್ಮಿನ ಮಂಕು ಮೈ ಮೇಲಿರೋದು ಜೆಲಟಿನ್ ಪದರ, ಚಿತ್ರ ಇರೋದು ಅದರಲ್ಲೇ, ಬೆಳ್ಳಿಯ ಸಣ್ಣ ಕಣಗಳಾಗಿ. ಥಂಡಿ ಗಾಳಿಯಲ್ಲಿ ಅದು ನೀರು ಹೀರಿ ಮೆತ್ತಗಾಗುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ, ಪ್ಲಾಸ್ಟಿಕ್ಕಿಗೆ ಅಂಟಿದರೆ ಬಿಡಿಸೋದೇ ಕಷ್ಟ. ಸಿಟ್ಟು ಬಂದಿದ್ದು ನಿಜ. ದೀಪಾವಳಿ ಆದಮೇಲೆ ಮತ್ತೆ ಹೋದೆ.

ಈ ಸಲ ಕೂರಿಸಿಕೊಂಡು ಒಂದೊಂದೇ ಸ್ಟ್ರಿಪ್ ನೋಡಿದರು. ಕೈಗೆ ಬಿಳಿ ಹತ್ತಿ ಗವುಸು, ಹಿಡಿಯೋದು ಅಂಚಿನಲ್ಲಿ ಮಾತ್ರ. ಬೆರಳಿನ ಎಣ್ಣೆ, ಬೆವರು ಜೆಲಟಿನ್ನಿಗೆ ಇಳಿದರೆ ಗುರುತು ಹೋಗೋದಿಲ್ಲ. ‘ಬಲ್ಬಿಗೆ ಓರೆಯಾಗಿ ಹಿಡಿದು ನೋಡು ತಂಗಿ’ ಅಂದರು. ನೋಡಿದೆ. ನೇರ ಹಿಡಿದಾಗ ಏನೂ ಇಲ್ಲದ ಜಾಗದಲ್ಲಿ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಎಳೆ. ಬೂಷ್ಟು. ನೀರಿನಲ್ಲಿ ತೊಳೆದರೆ ಹೋಗುತ್ತಾ ಅಂತ ಕೇಳಿದೆ. ಗಾಬರಿಯಾಗಿ ಸ್ಟ್ರಿಪ್ಪನ್ನು ನನ್ನಿಂದ ದೂರ ಹಿಡಿದರು! ಬೂಷ್ಟು ತಿಂದ ಜೆಲಟಿನ್ ನೀರಿಗೆ ಬಿದ್ದರೆ ಕರಗುತ್ತದೆ, ಬೂಷ್ಟಿನ ಜೊತೆಗೆ ಚಿತ್ರವೂ ಹೋಗುತ್ತದೆ. ನಾನು ಮನೆಯಲ್ಲಿ ಅದನ್ನೇ ಮಾಡೋಣ ಅಂತಿದ್ದೆ.

ಇನ್ನು ಪ್ರಿಂಟ್ ಹಾಕೋ ರೀತಿ. ಎನ್‌ಲಾರ್ಜರ್ ಅಂದರೆ ನೆಗೆಟಿವ್ ಮೂಲಕ ಬೆಳಕು ಹಾಯಿಸಿ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ. ಅವರ ಎನ್‌ಲಾರ್ಜರಿನಲ್ಲಿ ಫಿಲ್ಮ್ ಕೂರುವ ಕ್ಯಾರಿಯರ್‌ಗೆ ಮೇಲುಗಡೆ ಮಾತ್ರ ಗಾಜಿದೆ, ಕೆಳಗೆ ಬರೀ ಚೌಕಟ್ಟು. ಮಂಕು ಮೈ ಕೆಳಗೆ ಇರುತ್ತದೆ, ಅದಕ್ಕೆ ಚೌಕಟ್ಟಿನ ಅಂಚು ಬಿಟ್ಟು ಏನೂ ತಾಗೋದಿಲ್ಲ. ಮೇಲಿನ ಗಾಜು ದೀಪದ ಕಾವಿಗೆ ಫಿಲ್ಮ್ ಉಬ್ಬದ ಹಾಗೆ ತಡೆಯುತ್ತದೆ. ಅದೂ ಸಾದಾ ಗಾಜಲ್ಲ, ಮುಟ್ಟಿದರೆ ಕಂಡೂ ಕಾಣದಷ್ಟು ತರಿತರಿ. ನುಣುಪು ಗಾಜಾದರೆ ಫಿಲ್ಮಿನ ಹೊಳೆಯುವ ಮೈಗೆ ಒತ್ತಿದಾಗ ನ್ಯೂಟನ್ ರಿಂಗ್ ಅಂತ ಉಂಗುರ ಉಂಗುರ ಗುರುತು ಬೀಳುತ್ತದೆ.

ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ಕೆಲಸ. ಒಂದು ಫ್ರೇಮ್ ಮುಗಿದು ಮುಂದಿನದಕ್ಕೆ ಹೋಗಬೇಕಾದರೆ ಸ್ಟ್ರಿಪ್ಪನ್ನು ಸುಮ್ನೆ ಎಳೆಯೋದಿಲ್ಲ. ಎನ್‌ಲಾರ್ಜರಿನ ತಲೆ ಎತ್ತಿ, ಕ್ಯಾರಿಯರ್ ಹೊರಗೆ ತೆಗೆದು, ಪೂರ್ತಿ ಬಿಚ್ಚಿ, ಫಿಲ್ಮನ್ನು ಎತ್ತಿ ಮುಂದಿನ ಫ್ರೇಮಿಗೆ ಇಟ್ಟು, ರಬ್ಬರ್ ಬ್ಲೋವರ್‌ನಿಂದ ಎರಡೂ ಕಡೆ ಗಾಳಿ ಹೊಡೆದು, ಆಮೇಲೆ ಮುಚ್ಚುತ್ತಾರೆ. ಆರು ಫ್ರೇಮಿಗೆ ಆರು ಸಲ ಇದೇ. ಬಾಯಿಂದ ಊದೋದು ಇಲ್ಲವೇ ಇಲ್ಲ, ಎಂಜಲು ಹಾರುತ್ತದೆ. ಮುಚ್ಚಿದ ಕ್ಯಾರಿಯರಿನಲ್ಲಿ ಎಳೆದರೆ ಒಂದು ಮರಳಿನ ಕಣ ಸಾಕು, ಸ್ಟ್ರಿಪ್ಪಿನ ಉದ್ದಕ್ಕೂ ಗೀರು. ಅಜ್ಜಿ ಮುಖಕ್ಕೆ ಆಗಿದ್ದು ಏನು ಅಂತ ನನಗೆ ಆಗ ಅರ್ಥವಾಯಿತು.

ಗೀರಿನಲ್ಲೂ ಎರಡು ಥರ ಇದೆಯಂತೆ. ಹೊಳೆಯುವ ಮೈ ಮೇಲೆ ಬಿದ್ದರೆ ಬೆಳಕು ಅಲ್ಲಿ ಚದುರಿ ಪ್ರಿಂಟಿನಲ್ಲಿ ಬಿಳಿ ಗೆರೆಯಾಗುತ್ತದೆ, ಧೂಳು ಕೂತರೂ ಬಿಳಿ ಚುಕ್ಕೆಯೇ. ಮಂಕು ಮೈ ಕೆರೆದು ಹೋಗಿದ್ದರೆ ಕಪ್ಪು ಗೆರೆ. ಬಿಳಿಯದಕ್ಕೆ ಮದ್ದಿದೆ. ಬೇಡರ ವೇಷದ ಫ್ರೇಮಿಗೆ ಅಂಥದ್ದೊಂದು ಗೀರಿತ್ತು. ಅವರು ಗವುಸು ತೆಗೆದು, ಮೂಗಿನ ಪಕ್ಕ ಬೆರಳು ಒರೆಸಿ, ಆ ಜಿಡ್ಡನ್ನು ಗೀರಿನ ಮೇಲೆ ತೆಳ್ಳಗೆ ಸವರಿದರು. ಜಿಡ್ಡು ಗೀರಿನ ಸಂದಿ ತುಂಬಿದರೆ ಬೆಳಕು ಚದುರೋದಿಲ್ಲ. ಕಣ್ಣೆದುರೇ ಗೆರೆ ಮಾಯ! ಹಳೇ ಡಾರ್ಕ್‌ರೂಮ್ ಕೆಲಸಗಾರರೆಲ್ಲ ಮಾಡುತ್ತಿದ್ದ ಉಪಾಯವಂತೆ. ಪ್ರಿಂಟ್ ಆದ ಕೂಡಲೇ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆ ಪ್ಯಾಡಿನಿಂದ ಆ ಜಿಡ್ಡನ್ನು ಒರೆಸಿಯೇ ತೆಗೆದರು.

ಅಜ್ಜಿ ಫೋಟೋದ್ದು ಕಪ್ಪು ಗೆರೆ. ಅಲ್ಲಿ ಬೆಳ್ಳಿಯೇ ಇಲ್ಲ, ಸವರಿ ಏನು ಮಾಡೋದು. ಪ್ರಿಂಟಿನ ಮೇಲೆ ಬ್ಲೇಡಿನ ತುದಿಯಿಂದ ಕೂದಲಿನಷ್ಟು ಕೆರೆದು ತಿಳಿ ಮಾಡಿಕೊಟ್ಟರು. ಗೊತ್ತಿದ್ದವರಿಗೆ ಈಗಲೂ ಕಾಣುತ್ತದೆ. ಸ್ಕ್ಯಾನ್ ಮಾಡಿಸಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಗೀರು ತಾನೇ ಹೋಗುತ್ತದೆ ಅಂತ ತುಂಬಾ ಜನ ಹೇಳಿದರು. ಕಲರ್ ನೆಗೆಟಿವ್‌ಗೆ ಅದು ಸರಿ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯೇ ಇನ್‌ಫ್ರಾರೆಡ್ ತಡೆಯುತ್ತದೆ, ಹಾಗಾಗಿ ಯಾವುದು ಗೀರು ಯಾವುದು ಚಿತ್ರ ಅಂತ ಮಷೀನಿಗೆ ಗೊತ್ತಾಗೋದಿಲ್ಲ.

ರೇಟು: 8x10 ಪ್ರಿಂಟಿಗೆ ನನ್ನಿಂದ ತಗೊಂಡಿದ್ದು 600 ರೂಪಾಯಿ. ಲ್ಯಾಬಿನ ಕಲರ್ ಪ್ರಿಂಟಿಗೆ ಹೋಲಿಸಿದರೆ ಜಾಸ್ತಿ. ಐದು ಪ್ರಿಂಟಿಗೆ ಮೂರು ವಾರ ಕಾದೆ. ಕಲರ್ ಮಾಡೋದಿಲ್ಲ, ಫೋನ್ ಎತ್ತೋದು ಕಡಿಮೆ, ಮಳೆಗಾಲದಲ್ಲಿ ಬಂದ್. ಅವಸರ ಇರುವವರಿಗೆ ಇದು ಆಗೋದಿಲ್ಲ.

ಆದರೆ ವಾಪಸ್ ಕೊಟ್ಟ ರೀತಿ ನೋಡಿ. ಆರಾರು ಫ್ರೇಮಿನ ಸ್ಟ್ರಿಪ್‌ಗಳು ಪಾಲಿಪ್ರೊಪಿಲೀನ್ ಹಾಳೆಯ ಒಂದೊಂದು ಜೇಬಿನಲ್ಲಿ. ಅಂಗಡಿಯಲ್ಲಿ ಸಿಗುವ ಪಿವಿಸಿ ಕವರ್ ಬೇಡವೇ ಬೇಡ ಅಂದರು, ವರ್ಷ ಹೋದಂತೆ ಅದರಿಂದ ಬಿಡುವ ಅಂಶ ಫಿಲ್ಮನ್ನು ಹಾಳು ಮಾಡುತ್ತದೆ. ಜೊತೆಗೆ ಒಂದು ಚೀಲ ನೀಲಿ ಸಿಲಿಕಾ ಜೆಲ್. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇದರ ಜೊತೆ ಇಡು, ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಹಾಕು ಅಂತ ಎರಡೆರಡು ಸಲ ಹೇಳಿ ಕಳಿಸಿದರು.

ಮನೆಗೆ ಬಂದು ನಾನೂ ಬಲ್ಬಿಗೆ ಓರೆಯಾಗಿ ಹಿಡಿದು ಎಲ್ಲಾ ಸ್ಟ್ರಿಪ್ ನೋಡಿದೆ. ಹೊಸ ಗೀರು ಒಂದೂ ಇಲ್ಲ. ಇನ್ನೂ ಹನ್ನೊಂದು ಸ್ಟ್ರಿಪ್ ಉಳಿದಿವೆ, ಮಳೆ ಶುರುವಾಗೋದರೊಳಗೆ ಅಷ್ಟನ್ನೂ ಅವರಿಗೇ ಕೊಡಬೇಕು.